ಎನಿಡ್ ಚಿಕ್ಕಮ್ಮನ ತುಟಿಮಾತು

ನಮ್ಮ ಎನಿಡ್ ಚಿಕ್ಕಮ್ಮ ದನಿ ತೆಗೆದು ಮಾತಾಡಿದಾಗ ಯಾರ ಮನಸ್ಸನ್ನೂ ನೋಯಿಸಿದವಳಲ್ಲ. ಯಾರು ಏನು ಕೇಳಿದರೂ 'ದೂರೋ ಹಾಗೇನಿಲ್ಲ' ಅನ್ನುವುದೊಂದೇ ಉತ್ತರ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅದನ್ನೇ ಅಂದಳು. ಮನಸ್ಸಿನಲ್ಲಿ ಇರುವುದನ್ನು ಮಾತ್ರ ಅವಳು ದನಿ ಇಲ್ಲದೆ ಆಡುತ್ತಿದ್ದಳು.

ಹದಿನೈದು ತುಂಬುತ್ತಲೇ ಬರ್ನ್ಲಿಯ ಹತ್ತಿ ಗಿರಣಿಗೆ ನೇಯಲು ಸೇರಿದವಳು ಅವಳು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಪಕ್ಕದವಳು ಅರಚಿಕೊಂಡರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಹೆಂಗಸರು ತುಟಿಯಲ್ಲೇ ಮಾತಾಡುತ್ತಿದ್ದರು. ಬಾಯಿ ಅಗಲಿಸಿ, ಒಂದೊಂದು ಮಾತನ್ನೂ ತುಟಿಯ ಮೇಲೆ ಬಿಡಿಸಿಟ್ಟರೆ ಸಾಲಿನ ಆ ತುದಿಯವಳಿಗೂ ತಿಳಿಯುತ್ತಿತ್ತು. ಮೇಸ್ತ್ರಿಯ ಚಪಲ, ಗಂಡನ ಕುಡಿತ, ಮುಟ್ಟು ನಿಂತ ದಿಗಿಲು, ಎಲ್ಲವನ್ನೂ ಹೇಳಿಕೊಂಡಿದ್ದು ಹೀಗೇ. ಮೇಸ್ತ್ರಿ ಮೂಗಿನೆದುರು ನಿಂತಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮಮ್ಮನೂ ಅದೇ ಶೆಡ್ಡಿನವಳು. ಅಕ್ಕತಂಗಿಯರಿಬ್ಬರೂ ಬಸ್ಸಿನಲ್ಲಿ, ಚರ್ಚಿನಲ್ಲಿ ಹೀಗೆ ತುಟಿಯಾಡಿಸುವಾಗ ನಡುವೆ ಕೂತಿರುತ್ತಿದ್ದ ನಾನು ಅಕ್ಷರಕ್ಕಿಂತ ಮೊದಲು ಅದನ್ನೇ ಕಲಿತೆ.

ಕ್ಲಿಫರ್ಡ್ ಚಿಕ್ಕಪ್ಪ ಬಸ್ ಓಡಿಸುತ್ತಿದ್ದ. ಇಬ್ಬರೂ ಸೇರಿ ಸಾಲುಮನೆಗಳ ಬೀದಿಯಲ್ಲಿ ಒಂದು ಮನೆಯನ್ನು ಸಾಲದ ಮೇಲೆ ಕೊಂಡರು. ಸಾಲ ಮಾಡಿಸಿದ ಮನುಷ್ಯ ಅವರ ಮುಂದಿನ ಕೋಣೆಯಲ್ಲೇ ಕೂತು, ಚಿಕ್ಕಮ್ಮನ ಶುಂಠಿ ಕೇಕನ್ನು ಎರಡೆರಡು ಸಲ ಹಾಕಿಸಿಕೊಂಡು ಲೆಕ್ಕ ಒಪ್ಪಿಸಿದನಂತೆ. ತಿಂಗಳು ತಿಂಗಳು ಬಡ್ಡಿ ಮಾತ್ರ ಕಟ್ಟಿದರೆ ಸಾಕು, ಅಸಲನ್ನು ಮುಟ್ಟುವುದೇ ಬೇಡ. ಜೊತೆಗೆ ಒಂದು ಪಾಲಿಸಿಗೆ ಅಷ್ಟಿಷ್ಟು ಹಾಕುತ್ತಿದ್ದರೆ, ಇಪ್ಪತ್ತೈದು ವರ್ಷಕ್ಕೆ ಅದು ಬೆಳೆದು ಅಸಲನ್ನು ತೀರಿಸಿ, ಮಿಕ್ಕಿದ್ದರಲ್ಲಿ ಕಡಲ ದಂಡೆಯಲ್ಲಿ ನಿಲ್ಲಿಸಿಕೊಳ್ಳಲು ಒಂದು ಕ್ಯಾರವಾನ್ ಗಾಡಿಮನೆ ಕೂಡ ಬರುತ್ತದೆ. ಚಿಕ್ಕಪ್ಪ ಆಗಲೇ ಅದರ ಪರದೆಯ ಬಣ್ಣ ಯೋಚಿಸಿಬಿಟ್ಟಿದ್ದ.

ಪಾಲಿಸಿ ಬೆಳೆಯಲಿಲ್ಲ. ಅವಧಿ ಮುಗಿದಾಗ ಕೈಗೆ ಬಂದದ್ದು ಅಸಲಿನ ಅರ್ಧವೂ ಅಲ್ಲ. ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಚಿಕ್ಕಪ್ಪ ಇದನ್ನು ನೋಡುವಷ್ಟು ದಿನ ಇರಲಿಲ್ಲ, ಅದೊಂದು ಪುಣ್ಯ. ಹೀಗಾಗಬಹುದು ಅಂತ ಪಾಲಿಸಿ ಕಂಪನಿಯವರು ವರ್ಷಗಳ ಮೊದಲೇ ಕಾಗದ ಬರೆದು ಎಚ್ಚರಿಸಿದ್ದರು ತಾನೇ, ಆಗಲೇ ಆ ಕೇಕ್ ನುಂಗಿದವನ ಮೇಲೆ ಯಾಕೆ ದೂರು ಕೊಡಲಿಲ್ಲ ಅಂತ ರೇಗಿದೆ. ಅವನು ಸಂಭಾವಿತ, ಶೂ ಬಿಚ್ಚಿಟ್ಟು ಒಳಗೆ ಬಂದಿದ್ದ ಅಂದಳು. ನನಗೆ ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಆ ಮನೆಯಿಂದ ಅವಳಿಗೆ ಬೇಕಾಗಿದ್ದು ಒಂದೇ. ಚಿಕ್ಕಪ್ಪನ ಮಣ್ಣು ಮುಗಿಸಿ ಬಂದ ದಿನ ಮುಂದಿನ ಕೋಣೆಯ ತುಂಬ ಜನ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಾ ನಿಂತಿದ್ದರು. ಪಾದ್ರಿಗೆ ಚಹಾ ಬಗ್ಗಿಸುತ್ತಲೇ ಅವರ ಭುಜದ ಮೇಲಿಂದ ಚಿಕ್ಕಮ್ಮ ನನ್ನನ್ನು ನೋಡಿ ತುಟಿಯಾಡಿಸಿದಳು.

"ಲೊರೈನ್, ನನ್ನನ್ನೂ ಈ ಬಾಗಿಲಿಂದಲೇ ಎತ್ಕೊಂಡು ಹೋಗ್ಬೇಕು ಕಣೇ. ಬೇರೆ ಕಡೆಯಿಂದ ಬೇಡ."

ಹೂಂ ಅಂತ ನಾನೂ ತುಟಿಯಲ್ಲೇ ಅಂದೆ.

ಉಳಿದ ಅಸಲು ಕಟ್ಟಲು ಕೊಟ್ಟಿದ್ದ ಗಡುವು ಹತ್ತಿರ ಬಂದಾಗ ನಾನು ಕೈಕಟ್ಟಿ ಕೂರಲಿಲ್ಲ. ನಾನೇ ಬಾಡಿಗೆ ಮನೆಯವಳು, ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ, ಸಾಲ ತೀರಿಸುವ ತಾಕತ್ತು ನನಗೆಲ್ಲಿಂದ ಬರಬೇಕು? ಆದರೆ ಬಾಯಿದೆಯಲ್ಲ. ಸಾಲ ಕೊಟ್ಟ ಸಂಸ್ಥೆಯವರನ್ನು ಕಾಡಿ ಬೇಡಿ ಒಂದು ದಾರಿ ಪತ್ತೆ ಮಾಡಿದೆ. ಕಾಯಿಲೆಯಿಂದಲೋ ಮತ್ತೊಂದರಿಂದಲೋ ಮನೆ ಬದಲಿಸುವುದು ತೀರಾ ಕಷ್ಟವೆನ್ನುವ ಮುದುಕರಿಗೆ, ಬದುಕಿರುವ ತನಕ ಬಡ್ಡಿ ಕಟ್ಟಿಕೊಂಡು ಅಲ್ಲೇ ಇರಲು ಬಿಡುತ್ತಿದ್ದರು. ಬಡ್ಡಿಗೆ ಅವಳ ಪಿಂಚಣಿ ಸಾಕಾಗುತ್ತಿತ್ತು. ಕಾಯಿಲೆಗಂತೂ ಬರವಿರಲಿಲ್ಲ. ಗಿರಣಿಯ ಹತ್ತಿದೂಳು ಎದೆಯಲ್ಲಿ ಕೂತು, ಮಹಡಿ ಹತ್ತುವಾಗ ಅರ್ಧ ಮೆಟ್ಟಿಲಲ್ಲೇ ಕೂತು ಉಸಿರು ಎಳೆದುಕೊಳ್ಳುತ್ತಿದ್ದಳು. ಡಾಕ್ಟರಿಗೂ ಅದನ್ನು ಸರಿಯಾಗಿ ಹೇಳಿರಲಿಲ್ಲ. ಸಂಸ್ಥೆಯವರೇ ಫೋನ್ ಮಾಡಿ ಅವಳ ಬಾಯಿಂದಲೇ ಕೇಳಿಕೊಳ್ಳುತ್ತೇವೆ ಅಂದರು. ವಾರವಿಡೀ ಅವಳಿಗೆ ಪಾಠ ಹೇಳಿಕೊಟ್ಟೆ. ಎಲ್ಲದಕ್ಕೂ ಆಯಿತು ಆಯಿತು ಅಂದಳು.

ಆ ದಿನ ತಲೆ ಬಾಚಿ, ಚರ್ಚಿಗೆ ಹಾಕುವ ಕಾರ್ಡಿಗನ್ ತೊಟ್ಟು ಫೋನಿಗೆ ಕಾದು ಕೂತಿದ್ದಳು. ಫೋನಿಗೇನು ಕಾರ್ಡಿಗನ್ ಕಾಣಿಸುತ್ತದಾ ಅಂತ ಛೇಡಿಸಿದೆ. ಅವಳು ಗುಂಡಿ ಸರಿಮಾಡಿಕೊಂಡಳು. ಫೋನ್ ರಿಂಗಾಯಿತು. ಅವಳಿಗೆ ಕಿವಿ ಮಂದ, ಅದಕ್ಕೆ ಸ್ಪೀಕರ್ ಹಾಕಿದೆ. ಎಳೆಯ ಹುಡುಗಿಯ ದನಿ, ಮೃದುವಾಗಿತ್ತು. ಹೇಗಿದ್ದೀರಿ ಅಂತ ಕೇಳಿದಳು.

"ಚೆನ್ನಾಗಿದೀನಿ ಕಣಮ್ಮ. ದೂರೋ ಹಾಗೇನಿಲ್ಲ."

ಮೇಜಿನ ಈಚೆಯಿಂದ ನಾನು ತುಟಿ ಹರಿಯುವಷ್ಟು ಬಾಯಿ ಅಗಲಿಸಿದೆ. ಎದೆ ವಿಷಯ ಹೇಳು, ಎದೆ ವಿಷಯ!

ಚಿಕ್ಕಮ್ಮನ ತುಟಿಯೂ ಆಡಿತು. "ಸುಮ್ನಿರೇ. ಪಾಪ, ಬೆಳಗಿಂದ ಎಷ್ಟು ಜನರ ಗೋಳು ಕೇಳಿದಾಳೋ ಏನೋ."

ಆರೋಗ್ಯ ಹೇಗಿದೆ, ಏನಾದರೂ ತೊಂದರೆ ಇದೆಯಾ ಅಂತ ಹುಡುಗಿ ಕೇಳಿದಳು. ವಯಸ್ಸಿಗೆ ತಕ್ಕ ಹಾಗೆ ಇದೆ ಅಂದಳು ಇವಳು. ಮೆಟ್ಟಿಲು ಹತ್ತುತ್ತೀರಾ ಅಂತ ಕೇಳಿದ್ದಕ್ಕೆ, ಹತ್ತುತ್ತೀನಿ, ಇಳಿಯುತ್ತೀನಿ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಕಿತ್ತುಕೊಳ್ಳಲು ಕೈ ಚಾಚಿದೆ, ಕೈಮೇಲೆ ರಪ್ಪನೆ ಒಂದು ಏಟು ಬಿತ್ತು. ಹುಡುಗಿ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಒಳ್ಳೆಯವಳೇ ಇರಬೇಕು, ಮತ್ತೊಮ್ಮೆ ನಿಧಾನವಾಗಿ ಕೇಳಿದಳು.

"ಮನೆ ಬಿಡಬೇಕಾಗಿ ಬಂದ್ರೆ ನಿಮಗೆ ತೀರಾ ಕಷ್ಟ ಆಗುತ್ತಾ?"

ಚಿಕ್ಕಮ್ಮನ ತುಟಿ ಒಮ್ಮೆ ತೆರೆದು ಮುಚ್ಚಿಕೊಂಡಿತು. ಹೇಳು ತಾಯಿ, ಒಂದು ಸಲ ಹೇಳು ಅಂತ ನಾನು ಕೈಮುಗಿದೆ.

"ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರಮ್ಮ," ಅಂದಳು. "ನನಗೋಸ್ಕರ ತೊಂದ್ರೆ ತಗೋಬೇಡಿ."

ಎಲ್ಲರೂ ನಿಮ್ಮ ಹಾಗೇ ಇದ್ದರೆ ಎಷ್ಟು ಚೆನ್ನ ಅಂತ ಹುಡುಗಿ ಫೋನ್ ಇಟ್ಟಳು. ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರೆ. ಇವಳಿಗೆ ಬಾಯಿದ್ದೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಕೂಗಾಡಿದೆ, ಕಣ್ಣೀರು ಹಾಕಿದೆ, ಕೊನೆಗೆ ಡಾಕ್ಟರ ಹತ್ತಿರ ಹೋಗಿ ಚೀಟಿ ಬರೆಸೋಣ, ಇನ್ನೂ ಕಾಲ ಮಿಂಚಿಲ್ಲ ಅಂದೆ. ಅವಳು ಚಹಾಗೆ ನೀರಿಡುತ್ತಾ, ಆರೋಗ್ಯವಾಗಿದ್ದೀನಿ ಅಂತ ಆ ಮಗುವಿಗೆ ಹೇಳಿ ಆಗಿದೆ, ಈಗ ಸುಳ್ಳಿ ಅನ್ನಿಸಿಕೊಳ್ಳಲಾ ಅಂದಳು. ಆಮೇಲೆ ಎಷ್ಟು ಹೇಳಿದರೂ ಆ ಮಾತಿನಿಂದ ಕದಲಲಿಲ್ಲ. ವಿಶೇಷ ತೊಂದರೆ ಏನೂ ಕಂಡುಬಂದಿಲ್ಲ, ಮನೆ ಮಾರಿ ಸಾಲ ತೀರಿಸತಕ್ಕದ್ದು ಅಂತ ಸಂಸ್ಥೆಯಿಂದ ಉತ್ತರ ಬಂತು.

ಮನೆ ಬೇಗನೆ ಹೋಯಿತು. ಬಿಡುವ ದಿನ ಚಿಕ್ಕಮ್ಮ ಎದ್ದವಳೇ ಹೊಸಿಲುಕಲ್ಲನ್ನು ಮಂಡಿಯೂರಿ ತಿಕ್ಕಿದಳು. ಬೇರೆಯವರ ಮನೆ ಇನ್ನು, ನಿನಗ್ಯಾಕೆ ಈ ಉಸಾಬರಿ ಅಂದರೂ ಕೇಳಲಿಲ್ಲ. ಕೊಳಕು ಮನೆ ಬಿಟ್ಟು ಹೋದಳು ಅಂತ ಆಡಿಕೊಳ್ಳುವುದು ಬೇಡ ಅಂದಳು. ಬರುವವರಿಗೆ ಒಂದು ಹಾಲಿನ ಬಾಟಲಿ, ಒಂದಿಷ್ಟು ಚಹಾ, ತಟ್ಟೆಯಲ್ಲಿ ಶುಂಠಿ ಕೇಕ್ ಮುಚ್ಚಿಟ್ಟಳು. ಹೊರಡುವಾಗ ಉಸಿರು ಹತ್ತಿ ನಿಲ್ಲಲು ಆಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ಬಾಗಿಲಿಂದ ಅವಳನ್ನು ನಾನು ಕೈಹಿಡಿದು ಇಳಿಸಿದೆ. ನಾನು ಅವಳಿಗೆ ಹೂಂ ಅಂದಿದ್ದು ಹೀಗಲ್ಲ.

ಮುದುಕರಿಗಾಗಿ ಕಟ್ಟಿದ ಒಂದು ಕಟ್ಟಡದ ಎರಡನೇ ಅಂತಸ್ತಿನಲ್ಲಿ ಈಗ ಅವಳಿಗೊಂದು ಕೋಣೆ. ಬೆಚ್ಚಗಿದೆ, ಲಿಫ್ಟ್ ಇದೆ, ಕಿಟಕಿ ದೊಡ್ಡದು, ಆದರೆ ತೆರೆಯುವುದಿಲ್ಲ. ಮೇಲ್ವಿಚಾರಣೆಯ ಹೆಂಗಸು ದಿನಾ ಬಂದು ವಿಚಾರಿಸುತ್ತಾಳೆ. ಮೊನ್ನೆ ಭಾನುವಾರ ನಾನಿದ್ದಾಗಲೂ ಬಂದಳು. ಹೊಸ ಜಾಗ ಒಗ್ಗಿತಾ ಎನಿಡ್ ಅಂತ ಕೇಳಿದಳು. ದೂರೋ ಹಾಗೇನಿಲ್ಲ ಅಂದಳು ಚಿಕ್ಕಮ್ಮ. ಇಂಥವರೇ ನಮಗೆ ಬೇಕಾದ್ದು ಅಂತ ಆ ಹೆಂಗಸು ನನ್ನ ಕಡೆ ನೋಡಿ ನಕ್ಕಳು.

ಕೆಳಗಿಳಿದು ಕಾರಿನ ಬಾಗಿಲು ತೆಗೆಯುವಾಗ ತಲೆಯೆತ್ತಿ ನೋಡಿದೆ. ಗಾಜಿನ ಹಿಂದೆ ಚಿಕ್ಕಮ್ಮ ನಿಂತಿದ್ದಳು, ಪಕ್ಕದಲ್ಲಿ ಆ ಹೆಂಗಸು ನಗುನಗುತ್ತಾ ಕೈಬೀಸುತ್ತಿದ್ದಳು. ಚಿಕ್ಕಮ್ಮ ಬಾಯಿ ಅಗಲಿಸಿದಳು. ಗಿರಣಿಯಲ್ಲಿ ಸಾಲಿನ ಆ ತುದಿಯವಳಿಗೆ ಹೇಳುತ್ತಿದ್ದ ಹಾಗೆ, ಒಂದೊಂದೇ ಮಾತನ್ನು ಬಿಡಿಸಿಟ್ಟಳು.

"ಲೊರೈನ್, ನನ್ನನ್ನ ಮನೆಗೆ ಕರ್ಕೊಂಡು ಹೋಗೇ."

ಪಕ್ಕದಲ್ಲಿದ್ದವಳು ಕೈಬೀಸುತ್ತಲೇ ಇದ್ದಳು. ನಾನೂ ಬಾಯಿ ತೆರೆದೆ.

"ಮುಂದಿನ ಭಾನುವಾರ ಬರ್ತೀನಿ ಚಿಕ್ಕಮ್ಮ," ಅಂತ ತುಟಿಯಾಡಿಸಿದೆ.

ಆಗಲಿ ಅಂತ ಅವಳು ತಲೆಯಾಡಿಸಿದಳು.