ಸಾಫ್ಟ್‌ವೇರ್ ಒಪ್ಪದ ಇಪ್ಪತ್ತೊಂಬತ್ತನೇ ತಾರೀಖು

ದೊಡ್ಡಬಳ್ಳಾಪುರದ ಹೊರಗೆ ಒಂದು ಹ್ಯಾಚರಿಯಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಕೋಳಿಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು, ಮರಿ ಮಾಡಿಸಿ, ಸುತ್ತಮುತ್ತಲ ಫಾರಂಗಳಿಗೆ ಕಳಿಸುವ ಜಾಗ ಅದು. ಪಕ್ಕದ ಮಧುರೆ ಹೋಬಳಿ ಕಡೆಯ ನಮ್ಮ ಹೊಲವನ್ನು ಗಂಡ ನೋಡಿಕೊಳ್ಳುತ್ತಿದ್ದರು. ನಾನು ಬೆಳಗ್ಗೆ ಅಡುಗೆ ಮುಗಿಸಿ ಸ್ಕೂಟರ್ ಹತ್ತಿ ಬಂದು, ರೋಗ ಒಳಗೆ ಬರದಂತೆ ಬಾಗಿಲಲ್ಲಿಟ್ಟ ಔಷಧಿ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿ, ಆಫೀಸಿನ ಚಪ್ಪಲಿ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ.

ಅಲ್ಲಿ ಎಲ್ಲವೂ ತಾರೀಖಿನ ಮೇಲೆ ನಡೆಯುತ್ತಿತ್ತು. ಮೊಟ್ಟೆಯನ್ನು ಮೊದಲ ಯಂತ್ರದಲ್ಲಿಟ್ಟ ಹದಿನೆಂಟನೇ ದಿನ ತೆಗೆದು ಎರಡನೇ ಯಂತ್ರಕ್ಕೆ ಹಾಕಬೇಕು. ಇಪ್ಪತ್ತೊಂದನೇ ದಿನ ಮರಿಗಳು ಚಿಪ್ಪು ಒಡೆದು ಹೊರಗೆ ಬರುತ್ತವೆ. ಅಷ್ಟು ಹೊತ್ತಿಗೆ ಲಸಿಕೆ, ಪೆಟ್ಟಿಗೆ, ವ್ಯಾನು ಎಲ್ಲ ತಯಾರಿರಬೇಕು. ಒಟ್ಟಿಗೆ ಇಟ್ಟ ಮೊಟ್ಟೆಗಳ ಯಾವ ಲಾಟಿಗೆ ಯಾವ ದಿನ ಅಂತ ಹೇಳುವುದು ನನ್ನ ಕೆಲಸ. ಅದಕ್ಕೆ ಆಗ ನನಗೆ ನೆರವಾಗುತ್ತಿದ್ದುದು ಒಂದು ಹಳೇ ಎಕ್ಸೆಲ್ ಫೈಲು, ಮತ್ತೆ ಯಂತ್ರದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ನಮ್ಮ ಸೂಪರ್‌ವೈಸರ್ ಅಣ್ಣ.

ಶ್ರಾವಣದಲ್ಲಿ ನಮ್ಮ ಕಡೆ ಕೋಳಿ ತಿನ್ನುವವರು ಕಡಿಮೆ, ಹ್ಯಾಚರಿಗೂ ಸ್ವಲ್ಪ ಪುರುಸೊತ್ತು. ಒಂದು ಶ್ರಾವಣದಲ್ಲಿ ಯಜಮಾನರು ನೆಲಮಂಗಲದ ಒಂದು ಸಣ್ಣ ಕಂಪನಿಯಿಂದ ಹೊಸ ಸಾಫ್ಟ್‌ವೇರ್ ಮಾಡಿಸಿ ತಂದರು. ನನ್ನನ್ನು ಕರೆದು, "ನೋಡಮ್ಮಾ, ಒಂದು ತಿಂಗಳು ಇದನ್ನ ಹಿಂಡಿ ನೋಡು. ಎಲ್ಲೆಲ್ಲಿ ತಪ್ಪುತ್ತೆ ಬರ್ಕೋ. ಸರಿಯಿದ್ರೆ ಹಳೇದನ್ನ ನಿಲ್ಲಿಸ್ಬಿಡಣ" ಅಂದರು.

ತಪ್ಪು ಹುಡುಕು ಅಂತ ಯಾರೂ ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ತಪ್ಪು ಮಾಡಬೇಡ ಅಂತ ಮಾತ್ರ ಹೇಳಿದ್ದರು. ಆ ದಿನ ಮನೆಗೆ ಹೋಗುವಾಗ ಒಂದು ಹೊಸ ನೋಟ್‌ಬುಕ್ ಕೊಂಡುಕೊಂಡೆ.

ಮೊದಲ ವಾರ ಏನೂ ಸಿಗಲಿಲ್ಲ. ಹಳೆಯ ಲಾಟುಗಳ ತಾರೀಖು ಹಾಕುತ್ತಿದ್ದೆ, ಉತ್ತರ ಸರಿಯಾಗಿ ಬರುತ್ತಿತ್ತು. ನನಗೆ ಬೇಜಾರೇ ಆಗತೊಡಗಿತು. ಸೂಪರ್‌ವೈಸರ್ ಅಣ್ಣ ಟೀ ಕುಡಿಯಲು ಆಫೀಸಿಗೆ ಬಂದಾಗ, ಹೊತ್ತು ಕಳೆಯಲೆಂದು ಅವರನ್ನೂ ಕೇಳುತ್ತಿದ್ದೆ. ನಾನು ಒಂದು ತಾರೀಖು ಹೇಳಿದರೆ ಅವರು ಬೆರಳಿನ ಗೆಣ್ಣು ಎಣಿಸಿ ಮರಿ ಒಡೆಯುವ ದಿನ ಹೇಳುತ್ತಿದ್ದರು. ಒಂದು ಸಲವೂ ತಪ್ಪಿದವರಲ್ಲ.

ಒಂದು ಮಧ್ಯಾಹ್ನ ಕೇಳಿದೆ, "ಅಣ್ಣಾ, ಫೆಬ್ರವರಿ ಹನ್ನೆರಡಕ್ಕೆ ಇಟ್ರೆ?"

ಅವರು ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟವರು ಅಲ್ಲೇ ನಿಲ್ಲಿಸಿದರು. "ಯಾವ ವರ್ಷದ ಫೆಬ್ರವರಿ?"

"ಯಾವುದಾದ್ರೇನಣ್ಣಾ?"

"ಆದ್ರೇನು ಅಂತೀಯಲ್ಲಾ! ಈ ವರ್ಷದ್ದಾದ್ರೆ ಮಾರ್ಚಿ ಐದು. ಬರೋ ವರ್ಷ ಇಪ್ಪತ್ತೊಂಬತ್ತು ಬರ್ತದೆ, ಆಗ ನಾಲ್ಕೇ."

ಸಾಫ್ಟ್‌ವೇರಿಗೆ ಇದು ಗೊತ್ತಿದೆಯಾ? ಟೀ ಲೋಟ ಕೆಳಗಿಟ್ಟು ಕಂಪ್ಯೂಟರಿಗೆ ತಿರುಗಿದೆ. ಬರುವ ವರ್ಷದ ತಾರೀಖು ಹಾಕಿದರೆ ಸಾಫ್ಟ್‌ವೇರ್ ಒಪ್ಪಲಿಲ್ಲ, ಮುಂದಿನ ತಾರೀಖು ಹಾಕುವಂತಿಲ್ಲ ಅಂತು. ಹಾಗಾದರೆ ಕಂಪ್ಯೂಟರನ್ನೇ ಮುಂದಿನ ವರ್ಷಕ್ಕೆ ಕರೆದೊಯ್ದರೆ? ಪರದೆಯ ಮೂಲೆಯ ಗಡಿಯಾರವನ್ನು ತಿರುಗಿಸಿ ಫೆಬ್ರವರಿ ಹನ್ನೆರಡಕ್ಕೆ ತಂದೆ. ತಕ್ಷಣ ಇಂಟರ್‌ನೆಟ್ಟು ಹಟ ಹಿಡಿದು ಕೂತಿತು, ಯಾವ ಪುಟವೂ ತೆರೆಯಲಿಲ್ಲ. ಹೆದರಿ ಗಡಿಯಾರ ಸರಿಮಾಡಿದೆ. ಆಮೇಲೆ, ಇಂಟರ್‌ನೆಟ್ಟಿನ ಗೋಜೇ ಇಲ್ಲದೆ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರನ್ನು ಅಣ್ಣನ ಕೈಲಿ ಎತ್ತಿಸಿ ತಂದು, ಒರೆಸಿ, ಸಾಫ್ಟ್‌ವೇರ್ ಹಾಕಿ, ಅದರ ಗಡಿಯಾರ ತಿರುಗಿಸಿದೆ.

ಮೊಟ್ಟೆ ಇಟ್ಟ ದಿನ: ಫೆಬ್ರವರಿ ಹನ್ನೆರಡು. ಗುಂಡಿ ಒತ್ತಿದೆ. ಮರಿ ಒಡೆಯುವ ದಿನ: ಮಾರ್ಚ್ ಐದು.

"ಅಣ್ಣಾ, ಐದು ಅಂತೈತೆ!" ಅಂತ ಕೂಗಿಬಿಟ್ಟೆ.

"ತಪ್ಪು ಅದು," ಅಂದರು ಅವರು, ಕನ್ನಡಕವನ್ನೂ ಹಾಕಿಕೊಳ್ಳದೆ.

ಅಷ್ಟಕ್ಕೆ ಬಿಡಲು ಮನಸ್ಸಾಗಲಿಲ್ಲ. ಗಡಿಯಾರವನ್ನು ಫೆಬ್ರವರಿ ಇಪ್ಪತ್ತೊಂಬತ್ತಕ್ಕೇ ತಂದು, ಅವತ್ತು ಮೊಟ್ಟೆ ಇಟ್ಟೆವು ಅಂತ ಹಾಕಿದೆ. ಕೆಂಪು ಅಕ್ಷರದಲ್ಲಿ ಬಂತು: ಇಂಥ ತಾರೀಖು ಇಲ್ಲ. ಇಡೀ ಒಂದು ದಿನವನ್ನೇ ಇಲ್ಲ ಅನ್ನುತ್ತಿದೆ! ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ತಪ್ಪನ್ನೂ ತಾರೀಖು ಸಮೇತ ಬರೆದೆ.

ಸಾಫ್ಟ್‌ವೇರ್ ಬರೆದ ಹುಡುಗಿಗೆ ಫೋನ್ ಮಾಡಿದೆ. ಆಕೆ ನಂಬಲಿಲ್ಲ. "ಅಕ್ಕಾ, ಲೀಪ್ ಇಯರ್ ಎಲ್ಲಾ ನಾವು ಹಾಕಿರ್ತೀವಿ. ನೀವು ಗಡಿಯಾರ ತಿರುಗಿಸಿದ್ದಕ್ಕೆ ಏನೋ ಆಗಿರ್ಬೇಕು."

"ಬಾಮ್ಮಾ, ಬಂದು ನೀನೇ ನೋಡು" ಅಂದೆ.

ಮಾರನೇ ಬೆಳಗ್ಗೆಯೇ ಬಸ್ಸು ಹತ್ತಿ ಬಂದಳು. ಹಳೇ ಕಂಪ್ಯೂಟರಿನ ಮುಂದೆ ಕೂತು ಮೂರು ಸಲ ಹಾಕಿ ನೋಡಿದಳು, ಮೂರು ಸಲವೂ ಐದು. ತನ್ನ ಲ್ಯಾಪ್‌ಟಾಪ್ ತೆಗೆದು ಬಹಳ ಹೊತ್ತು ಹುಡುಕಿದಳು. ಕೊನೆಗೆ ಹಣೆ ಬಡಿದುಕೊಂಡು ನಕ್ಕಳು. ಬೇರೆ ಎಲ್ಲ ಕಡೆ ಸರಿಯಿತ್ತು. ಮೊಟ್ಟೆಯ ದಿನ ಎಣಿಸುವ ಭಾಗವನ್ನು ಮಾತ್ರ ಅವರ ಕಂಪನಿಯ ಯಾವುದೋ ಹಳೇ ಕೆಲಸದಿಂದ ಎತ್ತಿ ತಂದಿದ್ದರು. ಅದರಲ್ಲಿ ಯಾರೋ ಹನ್ನೆರಡು ತಿಂಗಳ ದಿನಗಳನ್ನು ಸಾಲಾಗಿ ಬರೆದಿಟ್ಟು, ಫೆಬ್ರವರಿಗೆ ಇಪ್ಪತ್ತೆಂಟು ಅಂತ ಕೊಟ್ಟು ಎದ್ದು ಹೋಗಿದ್ದರು.

ಅಷ್ಟರಲ್ಲಿ ಯಜಮಾನರು ಬಂದರು. ವಿಷಯ ಕೇಳಿ, "ನಾಲ್ಕು ವರ್ಷಕ್ಕೊಂದ್ಸಲ ತಾನೆ? ಒಂದಿನ ತಾನೆ? ಇಷ್ಟಕ್ಕೆ ಇವಳನ್ನ ಅಲ್ಲಿಂದ ಕರೆಸ್ಬೇಕಿತ್ತಾ?" ಅಂದರು.

ನಾನು ಬಾಯಿ ತೆಗೆಯುವ ಮುಂಚೆ ಅಣ್ಣ ಎದ್ದು ನಿಂತರು. "ಒಂದಿನ ಅಂದ್ರೆ ಏನ್ ಸಾರ್? ನಾಲ್ಕಕ್ಕೆ ಈಚೆ ಬಂದ ಮರಿ ಐದರ ಗಂಟ ಆ ಶಾಖದಲ್ಲಿ ನೀರಿಲ್ದೆ ಬಿದ್ದಿರ್ತದೆ. ಕಾಲು ಒಣಗಿ ಕಡ್ಡಿಯಾಗೋಗ್ತವೆ. ಆ ಮರಿನ ಯಾವ ಫಾರಂನೋನು ಇಳಿಸ್ಕೊಂತಾನೆ? ಅದೂ ಒಂದು ಲಾಟಲ್ಲ, ಆ ತಿಂಗಳ ಮುಕ್ಕಾಲು ಲಾಟು!"

ಯಜಮಾನರು ಕುರ್ಚಿ ಎಳೆದುಕೊಂಡು ನಮ್ಮ ಪಕ್ಕ ಕೂತು, "ಸರಿ, ಮಾಡಿ. ನಾನೂ ನೋಡ್ತೀನಿ" ಅಂದರು.

ಹುಡುಗಿ ಹತ್ತು ನಿಮಿಷದಲ್ಲಿ ತಿದ್ದಿದಳು. ಫೆಬ್ರವರಿ ಹನ್ನೆರಡು ಹಾಕಿದೆವು, ಮಾರ್ಚ್ ನಾಲ್ಕು ಬಂತು! ಇಪ್ಪತ್ತೊಂಬತ್ತನ್ನೂ ಒಪ್ಪಿತು. ಅವಳು ಖುಷಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಲು ಹೋದಳು. ನನಗೆ ಏನನ್ನಿಸಿತೋ, "ತಾಳು, ಅದರಾಚೆ ವರ್ಷಕ್ಕೂ ಹೋಗ್ಬರಣ" ಅಂತ ಗಡಿಯಾರವನ್ನು ಇನ್ನೊಂದು ವರ್ಷ ಮುಂದೆ ತಿರುಗಿಸಿದೆ. ಅದು ಲೀಪ್ ವರ್ಷವಲ್ಲ, ಮಾರ್ಚ್ ಐದು ಬರಬೇಕು. ನಾಲ್ಕು ಬಂತು.

"ಅಯ್ಯೋ ಅಕ್ಕಾ! ಎಲ್ಲಾ ವರ್ಷಕ್ಕೂ ಇಪ್ಪತ್ತೊಂಬತ್ತು ಕೊಟ್ಬಿಟ್ಟೆ!" ಅಂತ ಕಿರುಚಿದಳು. ಯಜಮಾನರು ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಎರಡನೇ ಸಲ ಅವಳು ಸರಿಯಾಗಿಯೇ ತಿದ್ದಿದಳು. ಆದರೂ ಬಾಯಿಮಾತನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬರುವ ವರ್ಷದ ಕ್ಯಾಲೆಂಡರ್ ಇನ್ನೂ ಯಾವ ಅಂಗಡಿಗೂ ಬಂದಿರಲಿಲ್ಲ. ಮರಿ ಪೆಟ್ಟಿಗೆಯ ರಟ್ಟನ್ನು ಬಿಡಿಸಿ, ಅದರ ಹಿಂದೆ ಸ್ಕೇಲಿಟ್ಟು ನಾನೇ ಚೌಕದ ಮನೆ ಎಳೆದು ನಾಲ್ಕು ವರ್ಷದ ಜನವರಿ, ಫೆಬ್ರವರಿ, ಮಾರ್ಚ್ ಬರೆದೆ. ಅವಳು ತಾರೀಖು ಹಾಕುವುದು, ನಾನು ರಟ್ಟಿನ ಮೇಲೆ ಮನೆ ಎಣಿಸುವುದು, ಅಣ್ಣ ಗೆಣ್ಣು ಎಣಿಸುವುದು. ಮೂವರ ಉತ್ತರವೂ ಒಂದೇ ಆದರೆ ಟಿಕ್ಕು. ಊಟದ ಗಂಟೆ ಬಾರಿಸಿದ್ದು ನಮಗೆ ಕೇಳಿಸಲೇ ಇಲ್ಲ. ಸಂಜೆಯ ಬಸ್ಸಿಗೆ ಅವಳನ್ನು ಬಿಡುವ ಹೊತ್ತಿಗೆ ಇಡೀ ರಟ್ಟು ಟಿಕ್ಕಿನಿಂದ ತುಂಬಿತ್ತು.

ನಿಜವಾದ ಫೆಬ್ರವರಿ ಬಂತು. ಹನ್ನೆರಡಕ್ಕೆ ಒಂದು ದೊಡ್ಡ ಲಾಟು ಇಟ್ಟೆವು. ಇಪ್ಪತ್ತೊಂಬತ್ತರ ಬೆಳಗ್ಗೆ ಹೊಸ ಲಾಟಿನ ಎಂಟ್ರಿ ಹಾಕಿದೆ. ಸಾಫ್ಟ್‌ವೇರ್ ತೆಪ್ಪಗೆ ಒಪ್ಪಿತು. ಮಾರ್ಚ್ ನಾಲ್ಕರ ಬೆಳಗ್ಗೆ ಬೇಗನೆ ಹೋದೆ. ವ್ಯಾನು ಆಗಲೇ ಬಂದು ನಿಂತಿತ್ತು, ಲಸಿಕೆಯವರು ಕೈ ತೊಳೆಯುತ್ತಿದ್ದರು. ಆಫೀಸಿನವಳಾದ ನಾನು ಯಂತ್ರದ ಕೋಣೆಗೆ ಹೋಗುವುದು ಅಪರೂಪ. ಅವತ್ತು ಅಣ್ಣನೇ ಕರೆದರು, "ಬಾರಮ್ಮಾ, ನಿನ್ನ ತಾರೀಖು ಹೆಂಗೈತೆ ನೋಡು."

ಬಾಗಿಲು ತೆಗೆದರು. ಬೆಚ್ಚನೆಯ ಹಬೆ ಮುಖಕ್ಕೆ ಬಡಿಯಿತು, ಜೊತೆಗೆ ಸಾವಿರಾರು ಮರಿಗಳ ಚಿಂವ್‌ಗುಟ್ಟುವಿಕೆ. ಟ್ರೇ ತುಂಬ ಹಳದಿ, ತೇವ ಆರಿ ಮೆತ್ತಗಾದ ಮೈ, ಮಿಣಮಿಣ ಕಣ್ಣು. ಒಂದನ್ನು ನನ್ನ ಅಂಗೈಯಲ್ಲಿ ಇಟ್ಟರು. ಅದು ನನ್ನ ಬಳೆಯನ್ನು ಕುಕ್ಕಿತು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ವಾರದ ನಂತರ ಆ ಹುಡುಗಿಯ ಫೋನು ಬಂತು. "ಅಕ್ಕಾ, ನಮ್ಮ ಬಾಸ್ ಕೇಳ್ತಿದಾರೆ, ಬೇರೆ ಕಡೆ ಸಾಫ್ಟ್‌ವೇರೂ ಹಿಂಗೇ ನೋಡ್ಕೊಡ್ತೀರಾ ಅಂತ." ಗಂಡನನ್ನು ಕೇಳಿದೆ. "ತಪ್ಪು ಹುಡುಕೋದ್ರಲ್ಲಿ ನಿನ್ನ ಮುಂದೆ ಯಾರಿದಾರೆ, ಹೋಗು" ಅಂದರು.

ಮೊದಲ ಕೆಲಸ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಕಡೆ, ಹೂವು ಇಡುವ ಒಂದು ತಂಪಿನ ಗೋದಾಮು. ಕೊಯ್ದ ಹೂವಿಗೆ ಎಷ್ಟು ದಿನವಾಯಿತು ಅಂತ ಹೇಳುವ ಸಾಫ್ಟ್‌ವೇರ್. ನಾನು ಗಡಿಯಾರ ತಿರುಗಿಸಿ, ಡಿಸೆಂಬರ್ ಮೂವತ್ತೊಂದಕ್ಕೆ ಗುಲಾಬಿ ಕೊಯ್ಯಿಸಿ, ಜನವರಿ ಒಂದಕ್ಕೆ ದಾಟಿಸಿದೆ. ನಿನ್ನೆ ಕೊಯ್ದ ಗುಲಾಬಿಗೆ ಅದು ಒಂದು ವರ್ಷದ ವಯಸ್ಸು ತೋರಿಸಿತು. ಅಲ್ಲಿನವರು ತಂದಿಟ್ಟ ಟೀ ಇನ್ನೂ ಆರಿರಲಿಲ್ಲ. "ಸಿಕ್ತು!" ಅಂತ ನಾನು ಕೂಗಿದ್ದಕ್ಕೆ ಗೋದಾಮಿನವರೆಲ್ಲ ಓಡಿ ಬಂದರು.