ಬಾರಲೇರಿ

ಅಮಾತೆಪ್ಪ ಬಾಗಲಕೋಟೆಯ ಒಂದು ಖಾಸಗಿ ಮಾನಸಿಕ ಆಸ್ಪತ್ರೆಯ ಹಿರಿಯ ಅಟೆಂಡರ್. ಅಲ್ಲಿ ರೋಗಿಗಳನ್ನು ಕರೆಯಲು ಒಂದೇ ಮಾತಿತ್ತು: 'ಬಾರಲೇ.' ೧೯೮೧ರಲ್ಲಿ ಹೊಸದಾಗಿ ಬಂದ ಡಾಕ್ಟರ್ ನೀಲಾಬಾಯಿ ಅದನ್ನು ಕೇಳಿ ಕೆಂಡವಾದರು.

"ಎಲ್ಲಾರಿಗೂ ರಿ ಹಚ್ಚಿ ಮಾತಾಡ್ರಿ. ದೀಪಾವಳಿ ಒಳಗ ರೂಢಿ ಆಗಲಿಲ್ಲಂದ್ರ ನಿಮ್ಮನ್ನೆಲ್ಲಾ ಬಿಡಿಸಿ ಬ್ಯಾರೆ ಮಂದಿ ತರ್ತೇನಿ."

ವಾರ್ಡಿನ ಆಳು ಹುಲ್ಲಪ್ಪ ಉರಿದುಬಿದ್ದ. "ನಮ್ಮಪ್ಪಗ ನಾ ರಿ ಅಂದಿಲ್ಲ, ಹುಚ್ಚಗ ಅನ್ಲೇನು?"

ಆಳುಗಳೆಲ್ಲ ಸಿಟ್ಟಿನಿಂದ ಮಾತನ್ನೇ ಬಿಟ್ಟರು. ಊಟಕ್ಕೆ ತಾಟು ಬಡಿದರು, ಸ್ನಾನಕ್ಕೆ ನೀರು ಚಿಮುಕಿಸಿ ತೋರಿಸಿದರು. ಹೆದರಿದ ರೋಗಿಯೊಬ್ಬ ಅಮಾತೆಪ್ಪನ ಕಿವಿಯಲ್ಲಿ ಕೇಳಿದ: "ಇವರನ್ನ ಯಾವಾಗ ಭರ್ತಿ ಮಾಡ್ಕೊಂಡ್ರಿ?"

ಅಮಾತೆಪ್ಪನಿಗೆ ಆ ಆಳುಗಳ ಕಪಾಳಕ್ಕೆ ಬಿಗಿಯಬೇಕೆನಿಸಿತು. ನೌಕರಿ ಹೋದರೆ ಇವರ ಮನೆಯ ಒಲೆ ಹೊತ್ತಿಸುವವರು ಯಾರು? ಆದರೂ ಸಿಟ್ಟು ನುಂಗಿಕೊಂಡು ಹುಲ್ಲಪ್ಪನಿಗೆ ಚಹಾ ಕುಡಿಸಿ, "ಖರೆ ಹೇಳಪಾ, ನಿನಗ ಯಾತರ ಹೆದರಿಕಿ?" ಎಂದ.

"ಲೇ ಬಿಟ್ರ ನನ್ನ ಮಾತು ಯಾರು ಕೇಳ್ತಾರ?"

"ಹಂಗಾರ ಲೇ ಇರಲಿ. ಹಿಂದ ಒಂದು ರಿ ಹಚ್ಚು."

ಮರುದಿನದಿಂದ ವಾರ್ಡ್ ತುಂಬ 'ಬಾರಲೇರಿ', 'ಉಣ್ಣಲೇರಿ', 'ಮಲಗಲೇರಿ'. ನೀಲಾಬಾಯಿ ತಲೆ ಹಿಡಿದುಕೊಂಡು ಕೂತರು.

"ರಿ ಒಳಗ ಬಂದೈತ್ರಿ ಬಾಯಾರ," ಅಮಾತೆಪ್ಪ ಬೇಡಿಕೊಂಡ. "ಲೇ ಹೊರಗ ಹೋಗಾಕ ಸ್ವಲ್ಪ ಟೈಮ್ ಕೊಡ್ರಿ."

ಎಲ್ಲರಿಗೂ ಮೇಲ್ಪಂಕ್ತಿಯಾಗಲು ಅವನು ದಿನವಿಡೀ ರಿ ರಿ ಎಂದ. ನಾಲಿಗೆಗೆ ಮನೆ ಯಾವುದು, ವಾರ್ಡ್ ಯಾವುದು ತಿಳಿಯಬೇಕಲ್ಲ? ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಹೆಂಡತಿಗೆ, "ತಾಯವ್ವಾ, ಸ್ವಲ್ಪ ನೀರು ಕೊಡ್ರಿ" ಎಂದುಬಿಟ್ಟ.

ತಾಯವ್ವನ ಕೈಯಿಂದ ತಂಬಿಗೆ ಜಾರಿತು. ಮದುವೆಯಾದಾಗಿನಿಂದ ಅವಳು ಕೇಳಿದ್ದು 'ನೀರು ತಾ' ಅಷ್ಟೇ. ಗಾಬರಿಯಿಂದ ಅವನ ಹಣೆಗೆ ವಿಭೂತಿ ಹಚ್ಚಿದಳು. "ಸಾಕ್ರಿ" ಎಂದ. ಅಷ್ಟಾದ ಮೇಲೆ ಕೇಳಬೇಕೆ? ರಟ್ಟೆ ಹಿಡಿದು ಅವನನ್ನು ಅವನದೇ ಆಸ್ಪತ್ರೆಗೆ ಎಳೆತಂದಳು.

"ಇವರಿಗೆ ಏನೋ ಆಗೇತಿ," ಬಾಗಿಲಲ್ಲಿದ್ದ ಹುಲ್ಲಪ್ಪನ ಮುಂದೆ ಗೋಳೋ ಎಂದು ಅತ್ತಳು. "ನನಗ ರಿ ಅಂತಾರ!"

ತಮ್ಮ ಹಿರಿಯನೇ ರೋಗಿಯಾಗಿ ಬಂದುನಿಂತದ್ದನ್ನು ಕಂಡು ಹುಲ್ಲಪ್ಪ ಮುಂದೆ ಬಂದು ಅವನ ಕೈ ಹಿಡಿದ. "ಬರ್ರಿ ಅಣ್ಣಾರ, ಕುಂಡ್ರರಿ. ಹೆದರಬ್ಯಾಡ್ರಿ, ನಾವು ಅದೇವಿ." ಲೇ ನೆನಪಿಗೇ ಬರಲಿಲ್ಲ.

ಹಿಂದೆ ನಿಂತಿದ್ದ ನೀಲಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಇನ್ನ ಯಾರನ್ನೂ ಬಿಡಿಸೂದಿಲ್ಲ," ಎಂದು ನಕ್ಕು ತಾಯವ್ವನತ್ತ ತಿರುಗಿದರು. "ನಿಮ್ಮ ಯಜಮಾನರಿಗೆ ಏನೂ ಆಗಿಲ್ರಿ. ಅವರು ನಿಮಗ ಮರ್ಯಾದಿ ಕೊಟ್ಟು ಮಾತಾಡಾಕತ್ಯಾರ, ಅಷ್ಟ."

ತಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಡಾಕ್ಟರ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: "ಹಂಗಾರ ಇದಕ್ಕ ಔಷಧ ಕೊಡಬ್ಯಾಡ್ರಿ."