ಟ್ರೇಲರ್ ಲಾರಿಯೂ ಚಿಕ್ಕಬಸಪ್ಪನ ಬಾಯಿಯೂ

ನಂಜನಗೂಡಿನ ಶಂಭುಲಿಂಗಪ್ಪನವರ ಲಾರಿ ಶೆಡ್ಡಿನಲ್ಲಿ ಡ್ರೈವರ್ ಚಿಕ್ಕಬಸಪ್ಪ ಎರಡು ವಿಷಯಕ್ಕೆ ಹೆಸರುವಾಸಿ. ಒಂದು, ಅವನ ಕೈ. ಲಾರಿ ತುಂಬ ಕೋಳಿಮೊಟ್ಟೆ ಹೇರಿಕೊಟ್ಟರೂ ಒಂದೂ ಬಿರುಕು ಬಿಡದ ಹಾಗೆ ಇಳಿಸಿ ಬರುವವನು. ಇನ್ನೊಂದು, ಅವನ ಬಾಯಿ. ಆ ಬಾಯಿ ಯಾರನ್ನೂ ಏನನ್ನೂ ಕೇಳಿದ್ದಿಲ್ಲ. ಪಕ್ಕದ ಲಾರಿಯವನ ಹತ್ತಿರ ಜಾಕ್ ಕೇಳುವವನಲ್ಲ, ಸಂಬಳ ಜಾಸ್ತಿ ಮಾಡಿ ಅಂತ ಸಾಹುಕಾರರನ್ನು ಕೇಳುವವನಲ್ಲ. ಮದುವೆಮನೆ ಪಂಕ್ತಿಯಲ್ಲಿ ಸಾರು ಬಡಿಸುವವನು ಮರೆತು ಮುಂದೆ ಹೋದರೆ ಬರೀ ಅನ್ನ ನುಂಗಿ ಎದ್ದುಬಂದಾನೇ ಹೊರತು 'ಇತ್ಲಾಗೊಂದ್ ಸೌಟು' ಅನ್ನುವ ಪೈಕಿಯಲ್ಲ. ಒಮ್ಮೆ ಕೊಳ್ಳೇಗಾಲಕ್ಕೆ ಸಿಮೆಂಟ್ ತುಂಬಿಕೊಂಡು ಹೊರಟವನು ಎಲ್ಲೋ ತಿರುವು ತಪ್ಪಿ ಮಳವಳ್ಳಿಯಲ್ಲಿ ಹೋಗಿ ನಿಂತ. ದಾರಿಯುದ್ದಕ್ಕೂ ಕ್ಲೀನರು 'ಯಾರ್ನಾದ್ರೂ ಕೇಳಾನ ಕಣಣ್ಣ' ಅಂತ ಗೋಗರೆದಿದ್ದ. 'ಬಾಯ್ ಮುಚ್ಕಂಡ್ ಕುಂತ್ಕ, ಈ ರೋಡ್ ಎಂಗದೆ ಅಂತ ನೋಡ್ಬೇಕಾಗಿತ್ತು' ಅಂದನಂತೆ ಪುಣ್ಯಾತ್ಮ. ಏನು ಹೇಳೋಣ ಇಂಥವನಿಗೆ!

ತಾಂಡವಪುರದ ಕಡೆಯ ಬೇಸಾಯಗಾರರ ಮನೆಯ ಹಿರೀಮಗ ಅವನು. ಜಮೀನು ತಮ್ಮನಿಗೆ ಬಿಟ್ಟು ಸ್ಟೇರಿಂಗು ಹಿಡಿದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವನ ಹಳೇ ಲಾರಿಯ ಸ್ಟೇರಿಂಗು ಅಂದರೆ ಸ್ಟೇರಿಂಗಲ್ಲ, ಗಾಣ. ಲೋಡಿನಲ್ಲಿ ಒಂದು ತಿರುವು ತಿರುಗಿಸಬೇಕಾದರೆ ಸೀಟಿನಿಂದ ಅರ್ಧ ಎದ್ದು ಮೈಯೆಲ್ಲ ಹಾಕಿ ಎಳೆಯಬೇಕು. ಎಳೆದೂ ಎಳೆದೂ ಬಲಭುಜ ಕೆಟ್ಟುಹೋಗಿತ್ತು. ಕೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅಂಗಿ ತೊಡುವಾಗ ಮೊದಲು ಬಲತೋಳನ್ನು ಮೆಲ್ಲಗೆ ತೂರಿಸಿ, ಹಲ್ಲು ಕಚ್ಚಿಕೊಂಡು ಉಳಿದದ್ದನ್ನು ಎಳೆದುಕೊಳ್ಳುತ್ತಿದ್ದ. ಇದು ಗೊತ್ತಿದ್ದದ್ದು ಹೆಂಡತಿ ಚನ್ನಾಜಮ್ಮನಿಗೆ ಮಾತ್ರ. ಇನ್ನೊಂದು ವರ್ಷ ಆ ಗಾಣ ಎಳೆದರೆ ಕೈ ಪೂರ್ತಿ ಬಿದ್ದುಹೋಗುತ್ತದೆ ಅಂತ ಅವನಿಗೂ ಗೊತ್ತಿತ್ತು. ಆಮೇಲೆ ತಮ್ಮನ ಗದ್ದೆಯ ಬದುವಿನ ಮೇಲೆ ಕೂತು ಕೊಕ್ಕರೆ ಎಣಿಸುವುದೇ. ಡ್ರೈವರಿಕೆ ಬಿಟ್ಟರೆ ಉಸಿರು ಬಿಟ್ಟ ಹಾಗೆ ಅನ್ನುವ ಮನುಷ್ಯನಿಗೆ ಆ ಯೋಚನೆಯೇ ಎದೆ ಹಿಂಡುತ್ತಿತ್ತು.

ಹೀಗಿರುವಾಗ, ಎಂಬತ್ತೈದನೇ ಇಸವಿಯಲ್ಲಿ, ಶಂಭುಲಿಂಗಪ್ಪನವರು ಮದ್ರಾಸಿನಿಂದ ಟ್ರೇಲರ್ ಲಾರಿ ತರಿಸಿದರು. ನಂಜನಗೂಡಿನ ಸುತ್ತ ಒಂದೊಂದಾಗಿ ಕಾರ್ಖಾನೆ ಏಳುತ್ತಿದ್ದ ಕಾಲ. ದೊಡ್ಡ ದೊಡ್ಡ ಮೆಷಿನ್ನು ಸಾಗಿಸುವ ಕಂಟ್ರಾಕ್ಟು ಸಾಹುಕಾರರಿಗೆ ಸಿಕ್ಕಿತ್ತು. ಮುಂದೆ ಎಂಜಿನ್ನು, ಕ್ಯಾಬಿನ್ನು. ಹಿಂದೆ ಕೊಂಡಿ ಹಾಕಿದ ಉದ್ದನೆಯ ಟ್ರೇಲರು. ಶೆಡ್ಡಿನ ಎದುರಿನ ಗೋವಿಂದಮ್ಮನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಡ್ರೈವರುಗಳೆಲ್ಲ ಅದನ್ನು ಹೊಸ ಸೊಸೆಯನ್ನು ನೋಡುವಂತೆ ನೋಡಿದರು.

'ಪವರ್ ಸ್ಟೇರಿಂಗಂತೆ ಕಣ್ಲಾ, ಒಂದೇ ಬೆರಳಲ್ಲಿ ತಿರುಗ್ತದಂತೆ' ಅಂದ ಒಬ್ಬ.

'ಬ್ರೇಕು ಗಾಳೀದಂತೆ. ಕಾಲಿಟ್ರೆ ಉಸ್ಸಂತದೆ.'

'ಸೀಟಿನ ಹಿಂದೆ ಮಂಚ ಬೇರೆ ಅದೆಯಂತೆ. ಮನೇಗ್ ಓಗಾದೇ ಬ್ಯಾಡ ಬುಡು.'

'ಓಗ್ಬ್ಯಾಡ, ನಿನ್ನ ಎಂಡ್ರು ಹಬ್ಬ ಮಾಡ್ತಾಳೆ' ಅಂದಳು ಗೋವಿಂದಮ್ಮ ಟೀ ಸೋಸುತ್ತ. ಬೆಂಚೆಲ್ಲ ಗೊಳ್ಳೆಂದಿತು.

'ಎಲ್ಲಾ ಸರಿ, ನಡು ಮಡಚೋ ಲಾರೀನ ಹಿಂದಕ್ ಬುಡೋದೆಂಗೆ?' ಅಂತ ಇನ್ನೊಬ್ಬ ಕೇಳಿದಾಗ ಎಲ್ಲರೂ ರಂಗನಾಯಕನ ಕಡೆ ತಿರುಗಿದರು. ಟಿ. ನರಸೀಪುರದ ರಂಗನಾಯಕ ಶೆಡ್ಡಿನ ಹಿರಿತನದಲ್ಲಿ ಚಿಕ್ಕಬಸಪ್ಪನ ನಂತರ ಎರಡನೆಯವನು. ನಡುವೆ ಜಗಳ ಮಾಡಿಕೊಂಡು ಬೊಂಬಾಯಿಗೆ ಹೋಗಿ, ಹಡಗುಕಟ್ಟೆಯಲ್ಲಿ ಇಂಥದೇ ಟ್ರೇಲರು ಓಡಿಸಿ ಬಂದಿದ್ದವನು. 'ಅದು ಹೇಳಿದ್ರೆ ಬರೋದಲ್ಲ ಕಣ್ರಪ್ಪಾ' ಅಂತ ನಕ್ಕುಬಿಟ್ಟ.

ಶೆಡ್ಡಿನ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಹೊಸ ಗಾಡಿ ಬಂದರೆ ಮೊದಲನೆಯವನಿಗೆ. ಅವನ ಹಳೇ ಗಾಡಿ ಎರಡನೆಯವನಿಗೆ. ಹಾಗೆ ಎಲ್ಲರೂ ಒಂದೊಂದು ಮೆಟ್ಟಿಲು ಹತ್ತುವುದು. ಅಂದಮೇಲೆ ಟ್ರೇಲರು ಚಿಕ್ಕಬಸಪ್ಪನದು. ಅವನು ಟೀ ಲೋಟ ಹಿಡಿದು ಗತ್ತಿನಿಂದ ಕೂತಿದ್ದನೇ ಹೊರತು ಒಂದು ಮಾತಾಡಲಿಲ್ಲ. ಒಳಗೊಳಗೇ ಮಾತ್ರ, ಒಂದೇ ಬೆರಳಲ್ಲಿ ತಿರುಗ್ತದಂತೆ, ನಂಜುಂಡೇಶ್ವರಾ, ಒಂದೇ ಬೆರಳಲ್ಲಿ, ಅಂದುಕೊಳ್ಳುತ್ತಿದ್ದ.

ಪೂಜೆಯಾಯಿತು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಸಾಹುಕಾರರು ಹಿಂದೆ ಜೀಪಿನಲ್ಲಿ, ಡ್ರೈವರುಗಳೆಲ್ಲ ಟ್ರೇಲರಿನ ಮೇಲೆ, ಮೆರವಣಿಗೆ ಟಿ. ನರಸೀಪುರಕ್ಕೆ ಹೊರಟಿತು. ಅಲ್ಲಿ ಸಾಹುಕಾರರ ಅಕ್ಕಿ ಗಿರಣಿಯ ಪಕ್ಕದ ಗೋಡೌನಿನಲ್ಲೇ ಇನ್ನು ಮುಂದೆ ಮೆಷಿನ್ನುಗಳನ್ನು ಇಳಿಸಿಕೊಳ್ಳುವುದು. ದಾರಿಯುದ್ದಕ್ಕೂ ಚಿಕ್ಕಬಸಪ್ಪ ಸ್ವರ್ಗದಲ್ಲಿದ್ದ. ನಿಜವಾಗಿಯೂ ಬೆರಳಲ್ಲೇ ತಿರುಗುತ್ತಿತ್ತು ಕಣ್ರೀ. ಭುಜ ಅಂತ ಒಂದಿದೆ ಅನ್ನುವುದೇ ಮರೆತುಹೋಗಿ ಹಳೇ ಹಾಡೊಂದನ್ನು ಗುನುಗಿಕೊಂಡ.

ಗೋಡೌನಿನ ಗೇಟಿನ ಹತ್ತಿರ ಬಂದಾಗ ಸ್ವರ್ಗ ಮುಗಿಯಿತು. ಒಳಗೆ ತಿರುಗಿಸಿಕೊಳ್ಳಲು ಜಾಗವಿಲ್ಲ, ಹಿಂದುಹಿಂದಾಗಿಯೇ ಹೋಗಬೇಕು. ಚಿಕ್ಕಬಸಪ್ಪ ಇಪ್ಪತ್ತು ವರ್ಷದಿಂದ ಮಾಡಿದ್ದನ್ನೇ ಮಾಡಿದ. ಬಾಗಿಲು ತೆಗೆದು, ಅರ್ಧ ಮೈ ಆಚೆ ಜೋತುಬಿಟ್ಟು, ಹಿಂದಕ್ಕೆ ನೋಡುತ್ತ ಒಂದೇ ಕೈಯಲ್ಲಿ ಸ್ಟೇರಿಂಗು ತಿರುಗಿಸಿದ. ಎಲ್ಲ ಲಾರಿಯವರೂ ಹಾಗೇ ಬಿಡುವುದು. ಸೈಡ್ ಕನ್ನಡಿ ಇರುವುದು ಕ್ರಾಪು ಬಾಚಿಕೊಳ್ಳಲಿಕ್ಕೆ. ಆದರೆ ಟ್ರೇಲರು ಹಳೇ ಲಾರಿಯಲ್ಲವಲ್ಲ. ಇವನು ಬಲಕ್ಕೆ ತಿರುಗಿಸಿದರೆ ಅದರ ಬಾಲ ಎಡಕ್ಕೆ ಹೊರಟಿತು. ಗಾಬರಿಯಾಗಿ ಇನ್ನೂ ಬಲಕ್ಕೆ ಎಳೆದ. ಅದು ಇನ್ನೂ ಎಡಕ್ಕೆ ಹೋಗಿ, ನಡು ಮಡಚಿಕೊಂಡು, ಇವನ ಕಣ್ಣಿಗೆ ಕಾಣದ ಆ ಮಗ್ಗುಲಿನ ಗೇಟು ಕಂಬವನ್ನು ಧಡ್ಡಂತ ಕೆಡವಿತು. ಗಿರಣಿಯ ಹೆಂಗಸರೆಲ್ಲ ಮೊರ ಬಿಟ್ಟು ಓಡಿಬಂದರು.

ಶಂಭುಲಿಂಗಪ್ಪನವರು ಕೂಗಾಡುವ ಪೈಕಿಯಲ್ಲ. ಬಿದ್ದ ಕಂಬವನ್ನೊಮ್ಮೆ ನೋಡಿದರು, ಚಿಕ್ಕಬಸಪ್ಪನನ್ನೊಮ್ಮೆ ನೋಡಿದರು.

'ನಿನ್ನ ಹಿರಿತನ ನಂಗೆ ಗೊತ್ತಿಲ್ವಾ ಬಸಪ್ಪ. ಆದ್ರೆ ಇವತ್ತು ಬಿದ್ದದ್ದು ಬರೀ ಕಂಬ, ಸೋಮವಾರ ಗಾಡಿ ಮೇಲೆ ಮೆಷಿನ್ನು ಇರ್ತದೆ. ಅಲ್ಲೀವರ್ಗೂ ಗಾಡಿ ನಿನ್ನ ಹತ್ರಾನೇ ಇರ್ಲಿ, ಅಭ್ಯಾಸ ಮಾಡ್ಕೊ. ಸೋಮವಾರ ನನ್ ಕಣ್ಮುಂದೆ ಒಳಕ್ಕೆ ಬಿಟ್ರೆ ನಿಂದು. ಆಗ್ಲಿಲ್ಲ ಅಂದ್ರೆ ರಂಗನಾಯಕ ಓಡಿಸ್ಲಿ, ನೀನು ಹಳೇದರಲ್ಲೇ ಇರು. ಬೇಜಾರು ಮಾಡ್ಕೋಬೇಡ.'

ಬೇಜಾರೇ? ಹಳೇದರಲ್ಲೇ ಇರು ಅಂದರೆ ಮನೆಗೆ ಹೋಗು ಅಂದ ಹಾಗೇ ಅಂತ ಸಾಹುಕಾರರಿಗೆ ಹೇಗೆ ಗೊತ್ತಾಗಬೇಕು!

ಮಾರನೆಯ ದಿನವೆಲ್ಲ ಚಿಕ್ಕಬಸಪ್ಪ ನರಸೀಪುರದ ಸಂತೆ ಮೈದಾನದಲ್ಲಿ ಒಬ್ಬನೇ ಗುದ್ದಾಡಿದ. ಬಾಗಿಲಿಗೆ ಜೋತುಬಿದ್ದು ಜೋತುಬಿದ್ದು ಭುಜ ಬೆಂಕಿಯಾಯಿತು. ಟ್ರೇಲರು ಮಾತ್ರ ಹಠಮಾರಿ ಕೋಣದ ಹಾಗೆ ಇವನು ಬೇಡ ಅಂದ ಕಡೆಗೇ ಹೋಯಿತು. ಸಂಜೆ ಬಸ್ಸು ಹಿಡಿದು ಮನೆಗೆ ಬಂದವನು ಅಂಗಿ ಬಿಚ್ಚಲಾರದೆ ಕೂತ. ಚನ್ನಾಜಮ್ಮ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ಭುಜ ತಿಕ್ಕಿದಳು.

'ಆ ರಂಗನಾಯ್ಕನ್ನ ಕೇಳ್ಬಾರ್ದಾ?' ಅಂದಳು.

'ಯಾರ್ನ? ನನ್ ಕೈಕೆಳಗಿರೋನ್ನ? ನಾನ್ ಸೋತ್ರೆ ಗಾಡಿ ಅವನಿಗೆ ಓಯ್ತದೆ ಕಣೇ. ಅವನ್ಯಾಕೆ ಹೇಳ್ಕೊಟ್ಟಾನು?'

'ಕೊಡ್ದಿದ್ರೆ ಬುಡ್ಲಿ. ಕೇಳಿದ್ರೆ ನಿಮ್ ಬಾಯೇನ್ ಸವ್ದೋಯ್ತದಾ? ಕೆಟ್ಟಿರೋದು ಭುಜ ಅನ್ಕಂಡಿದ್ದೆ, ನಾಲ್ಗೇನೂ ಕೆಟ್ಟದೆ ಅಂತ ಗೊತ್ತಿರ್ನಿಲ್ಲ.'

ಚಿಕ್ಕಬಸಪ್ಪನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳು ಹೇಳಿದ್ದು ದಿಟವಾಗಿದ್ದಕ್ಕೆ. ಉಣ್ಣದೆ ಮಲಗುತ್ತೇನೆ ಅಂದವನು ಮುದ್ದೆಯ ವಾಸನೆಗೆ ಎದ್ದು ಬಂದು ಕೂತ.

ಬೆಳಿಗ್ಗೆ ಎದ್ದು ನೆಟ್ಟಗೆ ನರಸೀಪುರಕ್ಕೆ ಹೋಗಿ ರಂಗನಾಯಕನ ಮನೆ ಬಾಗಿಲಲ್ಲಿ ನಿಂತ. ರಂಗನಾಯಕನ ತಾಯಿ ಮುತ್ತಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಚಿಕ್ಕಬಸಪ್ಪ ಮಜ್ಜಿಗೆ ಚೆನ್ನಾಗಿದೆ ಅಂದ. ಹೊಳೆಯಲ್ಲಿ ನೀರು ಎಷ್ಟಿದೆ ಅಂದ. ಈ ಸಲ ಭತ್ತ ಹೇಗೆ ಅಂದ. ಕೇಳಬೇಕಾದ್ದೊಂದನ್ನು ಬಿಟ್ಟು ಎಲ್ಲವನ್ನೂ ಅಂದು, 'ಬತ್ತೀನಿ ಕಣವ್ವ' ಅಂತ ಎದ್ದ. ಜಗಲಿ ಇಳಿದ. ಬೀದಿಗೂ ಹೋದ. ಹೋದವನು ಅಲ್ಲೇ ನಿಂತುಕೊಂಡ. ಒಳಗೆ ಕೂತಿದ್ದ ರಂಗನಾಯಕ ನೋಡುತ್ತಲೇ ಇದ್ದ, ಕರೆಯಲಿಲ್ಲ. ಕೊನೆಗೆ ಚಿಕ್ಕಬಸಪ್ಪ ತಿರುಗಿ ಬಂದು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ಮುಖವೆಲ್ಲ ಬೆವರು.

'ಲೇ ರಂಗ. ನಂಗೆ ರಿವರ್ಸು ಹೇಳ್ಕೊಡು.'



'ನನ್ ಭುಜ ಕೆಟ್ಟೋಗದೆ ಕಣ್ಲಾ' ಅಂದ ಚಿಕ್ಕಬಸಪ್ಪ. ಬಾಯಿ ಬಿಟ್ಟಮೇಲೆ ಇನ್ನು ಮುಚ್ಚಲಿಕ್ಕೆ ಆಗಲಿಲ್ಲ. 'ಕೈ ಮ್ಯಾಕ್ಕೇಳಲ್ಲ. ಆ ಹಳೇ ಸ್ಟೇರಿಂಗು ಇನ್ನು ಎಳೀನಾರೆ. ಇದು ಸಿಗ್ನಿಲ್ಲ ಅಂದ್ರೆ ನಾನು ಲಾರಿ ಬುಟ್ಟಂಗೇ. ಯಾರ್ಗೂ ಏಳಿಲ್ಲ ನಾನು. ನಿಂಗೆ ಏಳ್ತಾ ಇವ್ನಿ.'

'ಗಾಡಿ ನಂಗೇ ಬರೋದು ಅಂತ ಮನೇಲ್ ಏಳ್ಬುಟ್ಟಿದ್ದೆ ಬಸಪ್ಪಣ್ಣ' ಅಂದ ರಂಗನಾಯಕ ನೆಲ ನೋಡುತ್ತ. 'ಅವ್ವ ಆಗ್ಲೇ ಮುಡಿಪು ಕಟ್ಟವ್ಳೆ.'

'ಗೊತ್ತು. ಆಗದಿದ್ರೆ ಆಗಾಕಿಲ್ಲ ಅನ್ನು. ಬೇಜಾರಿಲ್ಲ.'

 ರಂಗನಾಯಕ ಎದ್ದು ಗೂಟಕ್ಕೆ ನೇತುಹಾಕಿದ್ದ ಅಂಗಿ ತೆಗೆದು ಹೆಗಲಿಗೆ ಹಾಕಿಕೊಂಡ. 'ಗಾಡಿ ಬೀಗದ ಕೈ ತಂದಿದ್ದೀಯಾ?' ಅಂದ. ಚಿಕ್ಕಬಸಪ್ಪ ಜೇಬು ಮುಟ್ಟಿ ತೋರಿಸಿದ.

ಮೈದಾನದಲ್ಲಿ ರಂಗನಾಯಕ ಹೇಳಿದ ಮೊದಲ ಮಾತು: 'ಬಾಗ್ಲು ಮುಚ್ಚಣ್ಣ.'

'ಮುಚ್ಚಿದ್ರೆ ಹಿಂದೆ ಕಾಣೋದೆಂಗ್ಲಾ?'

'ಕನ್ನಡೀಲಿ. ನೀನ್ ಆ ಕಡೆ ಜೋತುಬಿದ್ರೆ ಈ ಕಡೆ ಏನಾಯ್ತದೆ ಅಂತ ಯಾವ ದೇವ್ರು ಬಂದ್ ಹೇಳ್ಬೇಕು? ನೆಟ್ಟಗೆ ಕುಂತ್ಕ. ಎರಡು ಕನ್ನಡೀನೂ ನೋಡು. ಈಗ ಸ್ಟೇರಿಂಗ್ನ ಮ್ಯಾಲೆ ಹಿಡೀಬ್ಯಾಡ, ಕೆಳಗಡೆ ಹಿಡಿ, ತೊಡೆ ಹತ್ರ. ಬಾಲ ಎತ್ಲಾಗೆ ಓಗ್ಬೇಕೋ ಕೈನ ಅತ್ಲಾಗೆ ತಕ್ಕೊಂಡೋಗು. ಅಷ್ಟೇಯ.'

ಚಿಕ್ಕಬಸಪ್ಪ ಕೆಳಗಡೆ ಹಿಡಿದ. ಕೈಯನ್ನು ಎಡಕ್ಕೆ ಸರಿಸಿದ. ಟ್ರೇಲರಿನ ಬಾಲ ಎಡಕ್ಕೆ ಹೋಯಿತು. ಬಲಕ್ಕೆ ಸರಿಸಿದ. ಬಲಕ್ಕೆ ಬಂತು. ಕೈಯನ್ನು ಎತ್ತುವ ಮಾತೇ ಇಲ್ಲ, ಭುಜ ಅದರ ಪಾಡಿಗೆ ಅದು ತಣ್ಣಗೆ ಇತ್ತು. ಮನುಷ್ಯನ ಕಣ್ಣಲ್ಲಿ ನೀರು ಬಂತು. ಧೂಳು ಅಂದ. ಇರಬಹುದು, ಸಂತೆ ಮೈದಾನ ತಾನೇ.

ಹಾಗಂತ ಒಂದೇ ಏಟಿಗೆ ಬಂದುಬಿಡಲಿಲ್ಲ. ಅಭ್ಯಾಸಬಲ ಅನ್ನುವುದು ಕೆಟ್ಟದ್ದು. ಗಳಿಗೆಗೊಮ್ಮೆ ಬಾಗಿಲು ತೆಗೆಯಲಿಕ್ಕೆ ಕೈ ಹೋಗುತ್ತಿತ್ತು. 'ಕತ್ತು ಒಳಗಿಡು' ಅಂತ ರಂಗನಾಯಕ ಗದರುತ್ತಿದ್ದ. ಶೆಡ್ಡಿನಲ್ಲಿ ಚಿಕ್ಕಬಸಪ್ಪನನ್ನು ಗದರಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಗದರಿಸಿಕೊಂಡ. ಅಷ್ಟೇ ಅಲ್ಲ, 'ಈಗ ಸರಿ ಬಂತಾ? ಇನ್ನೊಂದ್ಸಲ ಬುಡ್ಲಾ?' ಅಂತ ಕೇಳಿದ ಕೂಡ. ಬಾಯಿಗೆ ಕೇಳುವ ರುಚಿ ಹತ್ತಿತ್ತು ಅಂತ ಕಾಣುತ್ತದೆ. ಭಾನುವಾರ ಸಂಜೆಯ ಹೊತ್ತಿಗೆ ರಂಗನಾಯಕ ಕೆಳಗಿಳಿದು ಬೀಡಿ ಹಚ್ಚಿಕೊಂಡು ಕೂತ. ಇನ್ನು ಅವನ ಅಗತ್ಯವಿರಲಿಲ್ಲ.

ಸೋಮವಾರ ಗೋಡೌನಿನ ಮುಂದೆ ಡ್ರೈವರುಗಳು, ಗಿರಣಿಯವರು ಎಲ್ಲ ಸೇರಿದ್ದರು. ಹೊಸದಾಗಿ ನಿಲ್ಲಿಸಿದ ಕಂಬದಿಂದ ಒಂದಷ್ಟು ದೂರ ನಿಂತೇ ನೋಡುತ್ತಿದ್ದರು, ಬುದ್ಧಿವಂತರು. ಟ್ರೇಲರಿನ ಮೇಲೆ ಮೆಷಿನ್ನು, ಮೆಷಿನ್ನಿನ ಮೇಲೆ ಟಾರ್ಪಾಲು. ಚಿಕ್ಕಬಸಪ್ಪ ಬಾಗಿಲು ಮುಚ್ಚಿದ. ಕೈ ತೊಡೆಯ ಹತ್ತಿರ, ಕಣ್ಣು ಕನ್ನಡಿಯಲ್ಲಿ. ಟ್ರೇಲರು ಮೆಲ್ಲಗೆ, ಒಮ್ಮೆ ಇತ್ತ ಬಳುಕಿ ಒಮ್ಮೆ ಅತ್ತ ಬಳುಕಿ, ಗೇಟಿನೊಳಗೆ ಹಿಂದುಹಿಂದಾಗಿ ಹೋಗಿ, ಉಸ್ಸಂತ ನಿಂತಿತು. ಗಿರಣಿಯ ಹೆಂಗಸರು ಚಪ್ಪಾಳೆ ಹೊಡೆದರು.

'ಆಯ್ತಪ್ಪ, ಗಾಡಿ ನಿಂದೇ' ಅಂದರು ಶಂಭುಲಿಂಗಪ್ಪನವರು ಮುಖ ಅರಳಿಸಿಕೊಂಡು. 'ಹೆಂಗ್ ಕಲಿತೆ ಇಷ್ಟರಲ್ಲಿ?'

ಹಳೇ ಚಿಕ್ಕಬಸಪ್ಪನಾಗಿದ್ದರೆ ಮೀಸೆ ಸವರಿಕೊಂಡು ಸುಮ್ಮನಿರುತ್ತಿದ್ದ. ಈಗ ಕೆಳಗಿಳಿದು ಬಂದು, 'ರಂಗನಾಯ್ಕ ಹೇಳ್ಕೊಟ್ಟ ಸಾ' ಅಂದ.

ಸಾಹುಕಾರರು ರಂಗನಾಯಕನ ಕಡೆ ತಿರುಗಿದರು. 'ಏನಯ್ಯ, ಅವನಿಗೆ ಬರ್ಲಿಲ್ಲ ಅಂದಿದ್ರೆ ಗಾಡಿ ನಿಂಗೇ ಅಲ್ವೇನಯ್ಯ ಬರ್ತಿದ್ದದ್ದು? ಗೊತ್ತಿರ್ಲಿಲ್ವಾ?'

'ಗೊತ್ತಿತ್ತು ಸಾ' ಅಂದ ರಂಗನಾಯಕ ತಲೆ ಕೆರೆದುಕೊಂಡು. 'ಏನ್ ಮಾಡಾನ, ಆವಯ್ಯ ಕೇಳ್ಬುಟ್ಟ. ಜನ್ಮದಲ್ ಒಂದ್ಸಲ ಬಾಯ್ಬುಟ್ಟು ಕೇಳಿರೋನು, ಅವನ್ಗೆ ಎಂಗ್ ಇಲ್ಲ ಅನ್ನಾದು?'

 ಶಂಭುಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಈ ಕಂಟ್ರಾಕ್ಟು ಕೈಯಲ್ಲಿ ಉಳಿದರೆ ಬರುವ ವರ್ಷ ಇನ್ನೊಂದು ಟ್ರೇಲರು ತರಿಸಲೇಬೇಕು ಅಂತ ತಮಗೆ ತಾವೇ ಅಂದುಕೊಂಡ ಹಾಗೆ ಅಂದರು. ಆದರೆ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದರು.

ಮೆಷಿನ್ನು ಇಳಿಯಿತು. ಖಾಲಿ ಗಾಡಿ ನಂಜನಗೂಡಿಗೆ ವಾಪಸು ಹೊರಡಬೇಕು. ಚಿಕ್ಕಬಸಪ್ಪ ಕ್ಯಾಬಿನ್ನು ಹತ್ತಿದ, ಹತ್ತಿದವನು ಸ್ಟೇರಿಂಗಿನ ಮುಂದೆ ಕೂರದೆ ಸರಿದು ಸರಿದು ಆಚೆ ಬದಿಯ ಸೀಟಿಗೆ ಹೋಗಿ ಕೂತ. ಡ್ರೈವರಾದ ಮೇಲೆ ತನ್ನ ಗಾಡಿಯಲ್ಲಿ ಅವನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕೆಳಗೆ ನಿಂತಿದ್ದ ರಂಗನಾಯಕನಿಗೆ ಏನೂ ತಿಳಿಯಲಿಲ್ಲ.

'ಏನ್ ನೋಡ್ತಾ ನಿಂತಿದ್ದೀಯ? ಮ್ಯಾಕ್ ಅತ್ತ್ಲಾ' ಅಂದ ಚಿಕ್ಕಬಸಪ್ಪ. 'ನಂಜನಗೂಡ್ಗಂಟ ನೀನೇ ಓಡಿಸ್ತೀಯಾ? ಕೇಳ್ತಾ ಇವ್ನಿ.'